ಕೆಂಪು ಶಾಯಿ ಬಿದ್ದ ಹಾಳೆ

ರೆಸ್ಪೆಕ್ಟೆಡ್ ಟೀಚರಮ್ಮ,

'ಐ ಬೆಗ್ ಟು ಸ್ಟೇಟ್'. ಕಾಲೇಜಿನ ಇಂಗ್ಲಿಷ್ ಇಷ್ಟೇ ಉಳಿದಿದೆ, ಮುಂದಿನದು ಕನ್ನಡದಲ್ಲೇ. ನಿಮ್ಮ ಕಂಪ್ಯೂಟರ್ ಕ್ಲಾಸಿನ ಕೊನೇ ಬೆಂಚಿನ ಮುದುಕ ನಾನು.

ಮನೆಯವರೊಬ್ಬರನ್ನು ಪ್ರೋಗ್ರಾಂನಲ್ಲಿ ಆಬ್ಜೆಕ್ಟ್, ಅಂದರೆ ಗುಣಗಳ ಒಂದು ಪಟ್ಟಿ, ಮಾಡಿ, ಲೂಪ್ ಹಾಕಿ, ಅವರ ಗುಣಗಳನ್ನು ಒಂದೊಂದಾಗಿ ಪ್ರಿಂಟ್ ಮಾಡಿ ಎಂದಿದ್ದಿರಿ. ನಾನು 'ತಾಯಿ' ಎಂದು ಒಂದು ಮಾಡಿ, ಅದರಿಂದ 'ಮಗಳು' ಮಾಡಿದೆ. ಮಗಳಿಗೆ ಬರೆದದ್ದು ಎರಡೇ ಗುಣ: ಬಸ್ ಓಡಿಸುತ್ತಾಳೆ, ಮೂಗಿನ ತುದಿಯಲ್ಲೇ ಕೋಪ. ಪ್ರಿಂಟಾದದ್ದು ಮೂರು. ತಾಯಿಗೆ ಬರೆದ ಒಂದು ಗುಣವೂ ಜೊತೆಗೆ ಬಂದುಬಿಟ್ಟಿತ್ತು. 'ಮಗಳ ಸ್ವಂತದ್ದು ಮಾತ್ರ ಬರಬೇಕು, ಪ್ರೋಗ್ರಾಂನಲ್ಲಿ ಚೆಕ್ ಹಾಕಿ' ಎಂದು ನೀವು ಕೆಂಪು ಶಾಯಿಯಲ್ಲಿ ಬರೆದಿರಿ. ಒಪ್ಪಿದೆ, ತಪ್ಪು ನನ್ನದೇ.

ಆದರೆ ಆ ಹಾಳೆ ಮಗಳ ಕಣ್ಣಿಗೆ ಬಿತ್ತು. ನನ್ನಾಕೆ ತೀರಿಕೊಂಡಾಗ ಅವಳಿಗೆ ಎರಡು ವರ್ಷ. 'ಅಮ್ಮಂದು ಅಂತ ನನ್ನ ಹತ್ರ ಏನೂ ಇಲ್ಲ' ಎಂದು ಆಗಾಗ ಮುಖ ಊದಿಸುತ್ತಾಳೆ.

"ಅಪ್ಪಾ, ಕೀಲಿ ಹುಡುಕುವಾಗ ನಾನು ಸಿಳ್ಳೆ ಹಾಕ್ತೀನಿ ಅಂತ ಇದರಲ್ಲಿ ಯಾಕೆ ಬರೆದ್ರಿ? ಮಾನ ಕಳೀತೀರಾ?"

"ನಿನಗೆ ನಾನು ಬರೆದಿಲ್ಲ ಕಣಮ್ಮ. ಅದು ನಿಮ್ಮಮ್ಮಂದು."

ಅವಳು ಹಾಳೆ ಮಡಚಿ ಯೂನಿಫಾರಂ ಜೇಬಿಗಿಟ್ಟುಕೊಂಡು ಡ್ಯೂಟಿಗೆ ಹೋದಳು.

ತಿದ್ದಿದ ಪ್ರೋಗ್ರಾಂ ಲಗತ್ತಿಸಿದ್ದೇನೆ. ಫೈಲಿಗೆ ಹಳೇ ಹಾಳೆಯೂ ಬೇಕು ಎಂದಿದ್ದಿರಿ. ಅದನ್ನು ಮಾತ್ರ ಕೇಳಬೇಡಿ. ಮಾರ್ಕ್ಸ್ ಹೋದರೆ ಹೋಗಲಿ.

ಇವತ್ತು ಬೆಳಿಗ್ಗೆ ಅವಳು ಮತ್ತೆ ಕೀಲಿ ಹುಡುಕಿದಳು. ಅದು ನನ್ನ ನ್ಯೂಸ್ ಪೇಪರಿನ ಕೆಳಗೇ ಇತ್ತು. ಪೇಪರ್ ಎತ್ತದೆ ಸ್ವಲ್ಪ ಹೊತ್ತು ಆ ಸಿಳ್ಳೆ ಕೇಳುತ್ತಾ ಕೂತೆ.

ಯುವರ್ಸ್ ಒಬೀಡಿಯೆಂಟ್ಲಿ,
ಕೊನೇ ಬೆಂಚಿನವನು