ಅಮ್ಮ ‘ಚಾಲು’ ಅಂದದ್ದು

ಅಕ್ಟೋಬರ್ 31, ಶುಕ್ರವಾರ. ಮಧ್ಯಾಹ್ನ 2:10, ಶಿಡ್ಲಘಟ್ಟ ಬಸ್ ಸ್ಟ್ಯಾಂಡ್

ಇಪ್ಪತ್ತು ನಿಮಿಷ ಹಾಲ್ಟ್. ಡ್ರೈವರ್ ವೆಂಕಟರಾಯಪ್ಪ ಸ್ಟೀರಿಂಗಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದಾನೆ. ಚಿಂತಾಮಣಿಯಿಂದ ಇಲ್ಲಿಯವರೆಗೆ ಒಂಟಿ ಕಾಲಿನಲ್ಲಿ ನಿಂತು ಬಂದೆ, ಅಷ್ಟು ರಶ್. ಟಿಕೆಟ್ ಮಿಷನ್ ಎರಡು ಸಲ ಕೈಕೊಟ್ಟಿತು. ಬೆನ್ನಿಗೆ ಎರಡು ತಟ್ಟಿದ ಮೇಲೆ ದಾರಿಗೆ ಬಂತು.

ಟಿಕೆಟ್ ಕೊಡುತ್ತ ಎಲ್ಲರಿಗೂ ಹೇಳಿದೆ — ನಾಡಿದ್ದು ಭಾನುವಾರ ಸಂಜೆ ಆರಕ್ಕೆ ಟಿವಿ ಹಾಕಿ, ನಮ್ಮಮ್ಮ ಬರುತ್ತಾಳೆ. ನಲವತ್ತು ಜನಕ್ಕಾದರೂ ಹೇಳಿರಬೇಕು. ವೆಂಕಟರಾಯಪ್ಪ ಮುಂದಿನಿಂದಲೇ ಕೂಗಿದ: “ಏನ್ ಮೂರ್ತಿ, ಟಿಕೆಟ್ ಜತೆ ಇನ್ವಿಟೇಷನ್ನೂ ಹರಿದು ಕೊಡ್ತಿದ್ದೀಯಾ?” ಕೊಡುತ್ತೇನೆ. ಯಾಕೆ ಕೊಡಬಾರದು? ಒಂಬತ್ತನೇ ವಯಸ್ಸಿನಿಂದ ಕಂಡವರ ಗದ್ದೆಯಲ್ಲಿ ನಾಟಿ ಹಾಡು ಹಾಡಿದವಳು ನನ್ನ ತಾಯಿ. ಅಂಬಾಜಿದುರ್ಗದ ಸುತ್ತಿನ ಹಳ್ಳಿ ಬಿಟ್ಟರೆ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಈಗ ಚಾನೆಲ್ಲಿನವರು ರಾಜ್ಯೋತ್ಸವಕ್ಕೆ ಕಲಾವಿದರನ್ನು ಸನ್ಮಾನಿಸಿದ್ದಾರೆ, ಅದರಲ್ಲಿ ‘ಶ್ರೀಮತಿ ಪೆದ್ದಮ್ಮ’ ಒಬ್ಬಳು. ಶಾಲು, ಹಾರ, ಸಿಂಹಾಸನದಂಥ ಕುರ್ಚಿ. ಇದೇ ಹನ್ನೊಂದಕ್ಕೆ ಬೆಂಗಳೂರಿನಲ್ಲಿ ರೆಕಾರ್ಡಿಂಗ್ ಆಯಿತು.

ಅಮ್ಮನ ಗಂಟಲು ಮಾತ್ರ ಅವತ್ತು ಹೋದದ್ದು ಇನ್ನೂ ಬಂದಿಲ್ಲ. ಬರೀ ಗಾಳಿ ಬರುತ್ತದೆ. ಚಿಕ್ಕಬಳ್ಳಾಪುರದ ಡಾಕ್ಟರು ಕೊಳವೆ ಬಿಟ್ಟು ನೋಡಿ, ಹಾಡುವುದು ಬೇಡವೇ ಬೇಡ, ಮಾತೂ ಕಡಿಮೆ ಎಂದರು. ಮೊದಲಿನ ಹಾಗೆ ಆಗುತ್ತಾ ಎಂದೆ. “ನೋಡೋಣ” ಎಂದರು. ನೋಡೋಣ ಅಂದರೆ ಏನು ಅಂತ ಕಂಡಕ್ಟರಿಗೆ ಹೇಳಿಕೊಡಬೇಕಾ? ಸೀಟು ಸಿಗುತ್ತಾ ಅಂದವರಿಗೆ ನಾನೂ ದಿನಾ ಅದನ್ನೇ ಹೇಳುತ್ತೇನೆ.

ನವೆಂಬರ್ 2, ಭಾನುವಾರ. ಸಂಜೆ 4

ಟಿವಿ ರೀಚಾರ್ಜ್ ಆಯಿತು. ಮಗಳು ಯಶೋಧರಾ ಅಜ್ಜಿಗೆ ಅದೇ ಶಾಲು ಹೊದಿಸಿ ಕೂರಿಸಿದ್ದಾಳೆ. ಅಮ್ಮ ಕೊಸರಾಡುತ್ತಿದ್ದಾಳೆ, ಸೆಖೆಯಂತೆ. ಕರೆಂಟ್ ಒಂದು ಹೋಗದಿದ್ದರೆ ಸಾಕು.

ಅದೇ ದಿನ, 7:40

ಕರೆಂಟ್ ಹೋಗಿದ್ದರೇ ಚೆನ್ನಾಗಿತ್ತು.

ಹಾಲ್ ತುಂಬ ಜನ, ಬಾಗಿಲಲ್ಲಿ ಜನ, ಕಿಟಕಿ ಕಂಬಿ ಹಿಡಿದು ಜನ. ಅಮ್ಮ ಕಂಡ ತಕ್ಷಣ ಚಪ್ಪಾಳೆ, ಶಿಳ್ಳೆ. ಮೊದಲ ಹಾಡು ಮುತ್ತಿನಂತೆ ಬಂತು. ನನ್ನ ಹೆಂಡತಿ ಹರಿತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಾಡು ಮುಗಿಯಿತು. ನಿರೂಪಕ ಓಡಿ ಬಂದ. ಹುಬ್ಬಳ್ಳಿ ಕಡೆಯ ಹುಡುಗ, ನಗುಮುಖ. “ಅಜ್ಜಿ, ಇನ್ನೊಂದು?” ಎಂದ. ಅಮ್ಮ ಎದೆ ಮೇಲೆ ಕೈ ಇಟ್ಟುಕೊಂಡು ಹೇಳಿದಳು:

“ಚಾಲು ನಾಯ್ನಾ... ಚಾಲು.”

ಸಾಕಪ್ಪ ಸಾಕು ಅಂತ, ತೆಲುಗಿನಲ್ಲಿ. ನಮ್ಮ ಮನೆಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಯಾವುದು ಯಾವುದು ಅಂತ ಅಮ್ಮನಿಗೆ ಇವತ್ತಿಗೂ ತಿಳಿಯದು. ಆದರೆ ಆ ಹುಡುಗನ ಕಡೆ ಚಾಲು ಅಂದರೆ ಶುರು. ಮೋಟಾರ್ ಚಾಲು ಮಾಡು ಅಂತಾರಲ್ಲ, ಹಾಗೆ. ಅವನು ಕುಣಿದ: “ಕೇಳಿದ್ರಲ್ಲ! ಅಜ್ಜಿ ಚಾಲೂ ಅಂತಿದ್ದಾರೆ! ಮ್ಯೂಸಿಕ್!”

ಅಮ್ಮ ಮತ್ತೆ ‘ಚಾಲು’ ಅಂದಳು, ಅವನು ಇನ್ನೂ ಜೋರಾಗಿ ಕೂಗಿದ. ಮ್ಯೂಸಿಕ್ ಹೊಡೆದರು. ಕೊನೆಗೆ ಹಾಡಿದಳು. ಎರಡನೇ ಸಾಲಿಗೇ ದನಿ ಒಡೆಯಿತು. ಸೀಳಿದ ಬಿದಿರಿನ ಹಾಗೆ. ಅದನ್ನು ಕತ್ತರಿಸಿರುತ್ತಾರೆ ಅಂದುಕೊಂಡಿದ್ದೆ, ಪೂರ್ತಿ ತೋರಿಸಿದರು. ಮುಂದಿನ ಸಾಲಿನ ಅತಿಥಿಗಳು ನಕ್ಕದ್ದನ್ನೂ ತೋರಿಸಿದರು.

ನಮ್ಮ ಹಾಲಿನಲ್ಲಿ ಗಂಗುಲಮ್ಮ ಎದ್ದು ನಿಂತು ಟಿವಿಗೇ ಬೈದಳು: “ಸಾಕು ಅಂತವ್ಳೆ ಕಣ್ರೋ! ಬಿಡ್ರೋ ಅವಳ್ನ! ನಿಮ್ ಬಾಯಿಗೆ ಮಣ್ಣ್ ಹಾಕ!” ನಲವತ್ತು ವರ್ಷ ಅಮ್ಮನ ಜತೆ ಹಾಡಿದವಳು. ಅಮ್ಮ ಸೊಲ್ಲು ಎತ್ತುವುದು, ಅಮ್ಮನ ಉಸಿರು ಮುಗಿಯುವ ಕಡೆ ಗಂಗುಲಮ್ಮ ಹಿಡಿದುಕೊಳ್ಳುವುದು. ಹಾಗೇ ಅವರ ಹಾಡು. ಚಾನೆಲ್ಲಿನವರು ಸ್ಟೇಜಿಗೆ ಒಬ್ಬರೇ ಅಂದರು. ಅವಳು ಹಿಂದಿನ ಸಾಲಿನಲ್ಲಿ ಪ್ರೇಕ್ಷಕಳಾಗಿ ಕೂತಿದ್ದಳು.

ಅಮ್ಮ ಶಾಲು ತೆಗೆದು ಮಡಿಚಿಟ್ಟಳು. ಸ್ಟೇಜಿನ ಮಗ್ಗುಲಲ್ಲಿ ಎಲ್ಲಾದರೂ ನಾನು ಕಾಣುತ್ತೇನೋ ಎಂದು ಕಣ್ಣಿಟ್ಟು ನೋಡಿದ್ದೆ. ಕಾಣಲಿಲ್ಲ. ಒಳ್ಳೆಯದೇ ಆಯಿತು.

ನವೆಂಬರ್ 3, ಸೋಮವಾರ. ಚಿಕ್ಕಬಳ್ಳಾಪುರ

ಬೆಳಗಿನ ಮೊದಲ ಟ್ರಿಪ್‌ನಲ್ಲೇ ಕೇಳಿಸಿತು. ಮೂರನೇ ಸೀಟಿನಲ್ಲಿ ಕಾಲೇಜು ಹುಡುಗಿಯರು, ಫೋನು ಫುಲ್ ವಾಲ್ಯೂಮ್. “ಚಾಲು... ಚಾಲು...” ಆಮೇಲೆ ಡಿಜೆ ಬೀಟ್. ಆಮೇಲೆ ಒಡೆದ ದನಿ. ಆಮೇಲೆ ನಗು. ರಾತ್ರಿ ಕಳೆಯುವಷ್ಟರಲ್ಲಿ ರೀಲ್ ಮಾಡಿಬಿಟ್ಟಿದ್ದಾರೆ.

ಟಿಕೆಟ್ ಕೊಟ್ಟೆ. ಇನ್ನೇನು ಮಾಡಲಿ? ಆಧಾರ್ ತೋರಿಸಮ್ಮ ಅಂದೆ, ತೋರಿಸಿದಳು. ಒಳ್ಳೆಯ ಹುಡುಗಿ. ನಗುತ್ತಿರುವುದು ಯಾರನ್ನು ನೋಡಿ ಅಂತ ಅವಳಿಗೇನು ಗೊತ್ತು.

ಶಿಡ್ಲಘಟ್ಟ ದಾಟುವಾಗ ಇನ್ನೊಂದು ಫೋನು. ಚಿಕ್ಕಬಳ್ಳಾಪುರ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇನ್ನೊಂದು. ವೆಂಕಟರಾಯಪ್ಪನಿಗೆ ರೇಗಿತು. ಇಳಿದು ಬಂದು ಟೀ ಅಂಗಡಿಯವನಿಗೆ ದಬಾಯಿಸಿದ: “ಆಫ್ ಮಾಡಯ್ಯ ಅದನ್ನ, ಇವನ ತಾಯಿ ಕಣಯ್ಯಾ ಆಯಮ್ಮ!” ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಇವನು ಸುಮ್ಮನಿದ್ದರೇ ವಾಸಿಯಿತ್ತು.

ನವೆಂಬರ್ 5, ಬುಧವಾರ

ಯಶೋಧರಾ ಕಾಮೆಂಟು ಓದಿ ಹೇಳುತ್ತಿದ್ದಳು, ಅಮ್ಮನಿಗೆ. ಅಮ್ಮನಿಗೆ ಓದು ಬಾರದು. “ಅಜ್ಜಿ, ಎಲ್ರೂ ನಿನ್ನ ಹೊಗಳವ್ರೆ. ಎಷ್ಟ್ ಚೆನ್ನಾಗಿ ಹಾಡ್ತಾರೆ ಅಂತವ್ರೆ.” ನಾನು ಹಿಂದಿನಿಂದ ಬಗ್ಗಿ ನೋಡಿದೆ. ‘ಇದಕ್ಕೆಲ್ಲ ಪ್ರಶಸ್ತಿನಾ’ ಅಂತ ಒಂದು. ‘ರಾಜ್ಯೋತ್ಸವದಲ್ಲೂ ತೆಲುಗು, ಥೂ’ ಅಂತ ಒಂದು. ‘ನನ್ನ ಅಜ್ಜಿ ನೆನಪಾದರು, ಕುಡಿಯಲು ನೀರಾದರೂ ಕೊಡ್ರೋ’ ಅಂತ ಯಾರೋ ಪುಣ್ಯಾತ್ಮರು. ಮಗಳು ಅದೊಂದನ್ನೇ ನಾಲ್ಕು ಥರ ತಿರುಗಿಸಿ ಓದುತ್ತಿದ್ದಾಳೆ. ಹದಿನೇಳು ವರ್ಷಕ್ಕೆ ಎಷ್ಟು ಚೆಂದ ಸುಳ್ಳು ಹೇಳುತ್ತಾಳೆ. ಯಾರ ಮಗಳು.

ಊಟದ ಹೊತ್ತು. ಹರಿತಾ ಅಮ್ಮನಿಗೆ ಸಾರು ಬಡಿಸುತ್ತಿದ್ದಳು. ದಿನಾ ಅಮ್ಮ ತಟ್ಟೆಗೆ ಕೈ ಅಡ್ಡ ಹಿಡಿದು ‘ಚಾಲಮ್ಮ’ ಅನ್ನುತ್ತಾಳೆ. ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಇವತ್ತು ಕೈ ಅಡ್ಡ ಹಿಡಿದಳು, ಬಾಯಿ ತೆರೆದಳು, ತಡೆದಳು. ಆಮೇಲೆ ಪಿಸುಗುಟ್ಟಿದಳು, “ಸಾಕು.”

ಹರಿತಾ ಸೌಟು ಕೆಳಗಿಟ್ಟಳು.

“ಯಾಕತ್ತೆ?”

“ನನ್ ನಾಲ್ಗೇದೇ ತಪ್ಪು. ಅಲ್ಲಿ ಕನ್ನಡದಾಗೆ ಸಾಕು ಅನ್ಬೇಕಾಗಿತ್ತು. ಇವನ ಮಾನ ತೆಗೆದೆ.”

ಇವನ ಅಂದರೆ ನನ್ನ. ಮುದ್ದೆ ತಟ್ಟೆಯಲ್ಲೇ ಬಿಟ್ಟೆ. ಎದ್ದು ಕೈ ತೊಳೆದೆ.

ನವೆಂಬರ್ 6, ಗುರುವಾರ. ಮಧ್ಯಾಹ್ನ

ಇವತ್ತಿನ ಹೆಂಗಸಿನ ಮಾತು ಬರೆದುಬಿಡುತ್ತೇನೆ. ಇಲ್ಲದಿದ್ದರೆ ತಲೆಯಲ್ಲೇ ಕೊರೆಯುತ್ತದೆ.

ಮಂಡಿಕಲ್ ಕಡೆಯವಳು. ಚಿಕ್ಕಬಳ್ಳಾಪುರದಲ್ಲಿ ಹತ್ತಿದಳು, ಶಿಡ್ಲಘಟ್ಟಕ್ಕೆ. ಪಕ್ಕದ ಸೀಟಿನವನ ಫೋನಿನಲ್ಲಿ ಅದೇ ರೀಲ್. ಅವಳು ಸೆರಗು ಸಿಕ್ಕಿಸಿ ತರಾಟೆಗೆ ತೆಗೆದುಕೊಂಡಳು:

“ಏನ್ ನಗ್ತೀರಪ್ಪ? ಆಯಮ್ಮ ಸಾಕು ಅಂತವ್ರೆ. ನಮ್ ಕಡೆ ಚಾಲು ಅಂದ್ರೆ ಸಾಕು. ಮುಖ ನೋಡಿದ್ರೆ ಗೊತ್ತಾಗಲ್ವಾ, ಉಸಿರು ಕಟ್ಟೈತೆ?”

ಅವನು ಫೋನು ಒಳಗಿಟ್ಟ. ಬಸ್ಸಿಗೆ ಬಸ್ಸೇ ಅವಳ ಪರ ಮಾತಾಡಿತು. ಪಾಪ, ವಯಸ್ಸಾದವರು, ಹಿಂಗೆ ಮಾಡಬಾರದಿತ್ತು, ಅಂತ. ನನ್ನ ಕಣ್ಣು ತುಂಬಿ ಬಂತು. ನಮ್ಮಮ್ಮ ಕಣಮ್ಮ ಅಂತ ಹೇಳಿ ಕೈ ಮುಗಿಯೋಣ ಅಂತ ಎರಡು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವಳು ನನ್ನನ್ನೇ ಕೇಳಿದಳು:

“ಅಲ್ಲ ಕಂಡಕ್ಟ್ರೇ, ಆಯಮ್ಮನ ಜತೆ ಮನೆಯೋರು ಯಾರೂ ಬಂದಿರ್ಲಿಲ್ವಾ? ಒಬ್ರಾದ್ರೂ ಹೇಳ್ಬಾರ್ದಾಗಿತ್ತಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಹಿಂದೆ ಯಾರಿಗೋ ಟಿಕೆಟ್ ಬಾಕಿ ಇದೆ ಅಂತ ಹಿಂದಕ್ಕೆ ಹೋದೆ. ಯಾರಿಗೂ ಇರಲಿಲ್ಲ. ಶಿಡ್ಲಘಟ್ಟ ಬರುವವರೆಗೂ ಹಿಂದಿನ ಬಾಗಿಲಲ್ಲೇ ನಿಂತಿದ್ದೆ.

ನವೆಂಬರ್ 11, ಮಂಗಳವಾರ. ಬೆಳಿಗ್ಗೆ 5:15, ಡಿಪೋ

ನಾಲ್ಕು ದಿನ ಬರೆಯಲಿಲ್ಲ. ಇದನ್ನು ಯಾರೂ ಓದುವುದಿಲ್ಲ. ಇಲ್ಲೂ ಬರೆಯಲಾಗದಿದ್ದರೆ ನಾನು ಎಂಥ ಗಂಡಸು.

ಅಕ್ಟೋಬರ್ ಹನ್ನೊಂದು. ಸ್ಟೇಜಿನ ಮಗ್ಗುಲು, ಕಪ್ಪು ಪರದೆಯ ಹತ್ತಿರ ನಿಂತಿದ್ದೆ. ಪಕ್ಕದಲ್ಲಿ ಕಿವಿಗೆ ಹೆಡ್‌ಸೆಟ್ ಹಾಕಿದ ಹುಡುಗಿ. ಅಮ್ಮ ‘ಚಾಲು’ ಅಂದಳು. ನಿರೂಪಕ ಮ್ಯೂಸಿಕ್ ಅಂದ. ಆದರೆ ಮ್ಯೂಸಿಕ್ ತಕ್ಷಣ ಶುರುವಾಗಲಿಲ್ಲ. ಟಿವಿಯಲ್ಲಿ ಆ ಸಂದನ್ನು ಕತ್ತರಿಸಿದ್ದಾರೆ. ಆ ಹುಡುಗಿಗೆ ಅನುಮಾನ ಬಂದಿತ್ತು. ನನ್ನ ಕಡೆ ತಿರುಗಿ ಕೇಳಿದಳು: “ಸರ್, ನಿಮ್ಮ ತಾಯಿ ಏನಂದ್ರು? ಇನ್ನೊಂದು ಹಾಡ್ತಾರೆ ತಾನೇ?”

ನಾನು ತಲೆ ಆಡಿಸಿದೆ. ಹೂಂ ಅಂತ.

ಕೇಳಿಸಲಿಲ್ಲ ಅಂತಲ್ಲ. ಅರ್ಥವಾಗಲಿಲ್ಲ ಅಂತಲೂ ಅಲ್ಲ. ಎದೆ ಮೇಲಿನ ಕೈ ಕಂಡಿತು. ಗಂಗುಲಮ್ಮ ಇಲ್ಲದೆ ಅವಳಿಗೆ ಎರಡನೇ ಹಾಡು ಆಗದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಹಿಂದಿನ ಕಲಾವಿದರಿಗೆ ಐದು ನಿಮಿಷ ಕೊಟ್ಟಿದ್ದರು. ನಮ್ಮಮ್ಮನಿಗೆ ಇನ್ನೂ ಎರಡೇ ಆಗಿತ್ತು. ಡಿಪೋದವರೆಲ್ಲ ನೋಡುತ್ತಾರೆ, ಊರವರು ನೋಡುತ್ತಾರೆ. ನಮ್ಮನ್ನು ತಮ್ಮ ಮನೆ ಹೊಸ್ತಿಲಾಚೆ ನಿಲ್ಲಿಸಿ ಹಾಡಿಸಿಕೊಂಡವರೂ ನೋಡುತ್ತಾರೆ. ನೋಡಲಿ, ಇನ್ನೂ ಸ್ವಲ್ಪ ಹೊತ್ತು ನೋಡಲಿ. ಅದೇ ಇದ್ದದ್ದು ತಲೆಯಲ್ಲಿ.

ಹುಡುಗಿ ಮೈಕಿನಲ್ಲಿ “ಓಕೆ, ಗೋ” ಅಂದಳು.

ಒಂದು ಸಲ ಅಡ್ಡಡ್ಡ ತಲೆ ಆಡಿಸಿದ್ದರೆ ಆಗುತ್ತಿತ್ತು. ಅಷ್ಟೇ. ಈಗ ಊರೆಲ್ಲ ಆ ಹುಬ್ಬಳ್ಳಿ ಹುಡುಗನಿಗೆ ಶಾಪ ಹಾಕುತ್ತಿದೆ. ಅಮ್ಮ ತನ್ನ ನಾಲಿಗೆಗೆ ಶಾಪ ಹಾಕಿಕೊಳ್ಳುತ್ತಿದ್ದಾಳೆ. ನಾನು ಯೂನಿಫಾರ್ಮ್ ಹಾಕಿಕೊಂಡು ರೈಟ್ ರೈಟ್ ಅನ್ನುತ್ತಿದ್ದೇನೆ.

ಬಸ್ಸು ಹೊರಡುತ್ತಿದೆ. ವೆಂಕಟರಾಯಪ್ಪ ಹಾರ್ನ್ ಹೊಡೆಯುತ್ತಿದ್ದಾನೆ.

ನವೆಂಬರ್ 13, ಗುರುವಾರ

ಗೌರಿಬಿದನೂರಿನಿಂದ ಫೋನು. ಹರಿಕೃಷ್ಣ ಅಂತ, ಹೊಸದಾಗಿ ಮೊಬೈಲ್ ಅಂಗಡಿ ಹಾಕುತ್ತಿದ್ದಾನಂತೆ. “ಅಣ್ಣ, ಅಜ್ಜೀನ ಓಪನಿಂಗಿಗೆ ಕರ್ಕೊಂಬನ್ನಿ. ಹಾಡೋದೆಲ್ಲ ಬ್ಯಾಡ. ರಿಬ್ಬನ್ ಕಟ್ ಮಾಡಿ ಒಂದ್ಸಲ ಚಾಲೂ ಅಂದ್ರೆ ಸಾಕು. ರೀಲ್ ಮಾಡ್ಕೋತೀವಿ. ಕಾರ್ ಕಳಿಸ್ತೀವಿ.”

ಬಾಯಿಗೆ ಬಂದದ್ದು ಬೈದು ಇಟ್ಟೆ. ಬೈಯುವ ಹಕ್ಕು ನನಗೆಲ್ಲಿಂದ ಬಂತು? ಅವನು ಕೇಳಿದ್ದು ಒಂದು ಮಾತು. ನಾನು ಕೇಳಿದ್ದು ಇಡೀ ಹಾಡು.

ಇವತ್ತು ಅಮ್ಮನನ್ನು ಮತ್ತೆ ಡಾಕ್ಟರ ಹತ್ತಿರ ತೋರಿಸಿದೆ. ಈ ಸಲ ‘ನೋಡೋಣ’ ಅನ್ನಲಿಲ್ಲ. ಮಾತು ಬರುತ್ತದೆ, ಹಾಡು ಕಷ್ಟ ಎಂದರು. ಅಮ್ಮ ಕೈ ಮುಗಿದಳು. ಆಚೆ ಬಂದು ಬೆಂಚಿನ ಮೇಲೆ ಕೂತು ಎಳನೀರು ಕುಡಿದಳು. ನಾನು ನಿಂತೇ ಇದ್ದೆ.

ನವೆಂಬರ್ 16, ಭಾನುವಾರ. ಬೆಳಿಗ್ಗೆ 11

ವಾರದ ರಜೆ. ಅಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ನಾನೂ ಸುಲಿದೆ. ಹರಿತಾ, ಯಶೋಧರಾ ಸಂತೆಗೆ ಹೋಗಿದ್ದರು. ಇವತ್ತು ಹೇಳಲೇಬೇಕು ಅಂತ ಬೆಳಿಗ್ಗೆಯಿಂದ ಗಂಟಲಲ್ಲಿ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಗೌರಿಬಿದನೂರಿನವನ ಫೋನು. ನಾಚಿಕೆ ಇಲ್ಲದವನು. ಸ್ಪೀಕರಿನಲ್ಲಿ ಅಮ್ಮನಿಗೂ ಕೇಳಿಸಿತು. ಇಲ್ಲ ಅಂತ ಇಡುತ್ತಿದ್ದೆ. ಅಮ್ಮ ನನ್ನ ಮೊಣಕೈ ಮುಟ್ಟಿದಳು.

“ಬರ್ತೀವಿ ಅನ್ನು.”

“ಯಾಕಮ್ಮ? ಆಡ್ಕೊಂಡು ನಗಕ್ಕೆ ಕರೀತಾವ್ರೆ ಕಣಮ್ಮ.”

“ನಗ್ಲಿ ಬಿಡು. ನಿಂಗೆ ಆಸೆ ಐತಲ್ಲ, ನಮ್ಮಮ್ಮನ್ನ ನಾಕು ಜನ ನೋಡ್ಲಿ ಅಂತ.”

ಆಗ ಹೇಳಿದೆ. ಹೆಡ್‌ಸೆಟ್ ಹುಡುಗಿ ಕೇಳಿದ್ದು, ನಾನು ಹೂಂ ಅಂದದ್ದು, ಗೊತ್ತಿದ್ದೂ ಅಂದದ್ದು. ನಿನ್ನ ನಾಲಿಗೆ ತಪ್ಪಲ್ಲಮ್ಮ, ನಿನ್ನ ಗಂಟಲು ತಿಂದವನು ನಾನು ಅಂದೆ. ಐವತ್ತು ಹತ್ತಿರ ಬಂತು ನನಗೆ, ಸಣ್ಣ ಮಗುವಿನ ಹಾಗೆ ಅತ್ತೆ.

ಅಮ್ಮನ ಕೈ ನಿಲ್ಲಲಿಲ್ಲ. ಇನ್ನೊಂದು ಕಾಯಿ ಸುಲಿದಳು. ಆಮೇಲೆ ಪಿಸುದನಿಯಲ್ಲಿ, ಒಂದೊಂದೇ ಮಾತು:

“ಗೊತ್ತು ಕಣಪ್ಪ. ನೋಡ್ದೆ.”

“ಏನ್ ನೋಡ್ದೆ?”

“ನೀನು ತಲೆ ಆಡ್ಸಿದ್ದು. ಆ ಹುಡುಗ ಕೂಗ್ದ ಅಂತ ನಾನು ಹಾಡ್ಲಿಲ್ಲ. ನಿನ್ ಕಡೆ ತಿರುಗ್ದೆ. ನೀನು ಹೂಂ ಅಂದೆ. ಅದಕ್ಕೇ ಹಾಡ್ದೆ.”

ಎರಡು ವಾರ. ಬಂದವರಿಗೆಲ್ಲ, ಹರಿತಾಳಿಗೆ, ಮೊಮ್ಮಗಳಿಗೆ, ಗಂಗುಲಮ್ಮನಿಗೆ, ನನ್ನ ನಾಲಿಗೆ ತಪ್ಪು, ನನ್ನ ನಾಲಿಗೆ ತಪ್ಪು ಅಂತ ಹೇಳಿಕೊಂಡು ಕೂತಿದ್ದಾಳೆ. ಯಾರೂ ನನ್ನ ಕಡೆ ಬೆರಳು ತೋರಿಸದ ಹಾಗೆ. ಡಾಕ್ಟರು ಮಾತು ಕಡಿಮೆ ಮಾಡು ಅಂದಿದ್ದರು. ಇದ್ದ ಇಷ್ಟು ದನಿಯನ್ನೂ ಅದಕ್ಕೇ ಖರ್ಚು ಮಾಡಿದ್ದಾಳೆ.

ಒಳಗೆ ಬಂದು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಅಮ್ಮ ಜಗಲಿಯಲ್ಲೇ ಇದ್ದಾಳೆ. ಮೂರ್ತಿ, ಬಾ ನಾಯ್ನಾ, ಅನ್ನುತ್ತಿದ್ದಾಳೆ, ಆ ಗಾಳಿ ದನಿಯಲ್ಲಿ. ಕರೆಯಬೇಡ, ಮಾತಾಡಬಾರದು ನೀನು, ಅಂತ ಹೋಗಿ ಹೇಳಬೇಕು. ಹೋಗಲು ನನಗೆ ಮುಖವಿಲ್ಲ.