ಖಾಲಿ ಮನೆಗಳ ಚೀಟಿ

ಶಹಾಪುರ
ಅಮರ್ದಾದ್ ೫, ಫಸಲಿ ೧೩೫೭

ತಂಗಿ ಮಲ್ಲಿಕಮ್ಮಗೆ ಸೂಗಪ್ಪಣ್ಣನ ಆಶೀರ್ವಾದ.

ಪ್ರತಿ ಸಲದಂತೆ ‘ಚಿರಂಜೀವಿ ಸೌಭಾಗ್ಯವತಿ’ ಎಂದು ಬರೆಯಹೋಗಿ ಕೈ ನಿಂತಿತು. ದೇವಿಂದ್ರ ಜೈಲಿನಲ್ಲಿ ತೀರಿಕೊಂಡು ಎರಡು ತಿಂಗಳಾಯಿತು. ನಾನು ದೇವಾಪುರಕ್ಕೆ ಮಣ್ಣಿಗೂ ಬರಲಿಲ್ಲ. ಜ್ವರ ಎಂದು ಲಿಂಗಣ್ಣನ ಕೈಲಿ ಹೇಳಿಕಳಿಸಿದ್ದೆ. ಜ್ವರ ಬಂದಿರಲಿಲ್ಲ. ತಪ್ಪಾಯಿತು ತಂಗಿ.

ನಿನ್ನ ವೈನಿ ಶೇಂಗಾ ಹಿಂಡಿ, ಸಜ್ಜೆ ಹಿಟ್ಟು ಕಟ್ಟಿಟ್ಟಿದ್ದಾಳೆ. ‘ನೀವಾ ಹೋಗಿ ಕೊಟ್ಟು ಬರ್ರಿ’ ಅಂತಾಳೆ. ಯಾವ ಮುಖ ಹೊತ್ತು ಬರಲಿ?

ನಮ್ಮ ಆಟ ನಿನಗೆ ಗೊತ್ತಿದ್ದದ್ದೇ. ಯಾದಗಿರಿ ಸ್ಟೇಷನ್ನಿನಲ್ಲಿ ಟಿಕೀಟು ಕೊಡುವ ದೇವಿಂದ್ರನಿಗೆ ಎರಡು ಗಾಡಿಗಳ ನಡುವೆ ಹೊತ್ತು ಹೋಗಬೇಕಲ್ಲ. ಮುಂಬೈ ಪತ್ರಿಕೆಯ ಪದಬಂಧ ಅವನಿಗೆ ಹುಚ್ಚು ಹಿಡಿಸಿತು. ಊರಿಗೆ ಬರುವವರ ಕೈಲಿ ನನಗೊಂದು ಚೀಟಿ: ಐದಕ್ಷರದ ಇಂಗ್ಲಿಷ್ ಶಬ್ದ, ಮೊದಲ ಮನೆ ಖಾಲಿ, ಉಳಿದವು ಐ, ಜಿ, ಎಚ್, ಟಿ. ನಾನು ಲೈಟ್, ನೈಟ್, ರೈಟ್, ಫೈಟ್ ತುಂಬಿ ಕಳಿಸಿದರೆ, ಮುಂದೆ ನಿಮ್ಮ ಮನೆಯಲ್ಲಿ ಕೂಡಿದಾಗ, ಎಂಟು ಎನ್ನುವ ಏಟ್ ಬಿಟ್ಟೆ ಎಂದು ನಗುತ್ತಿದ್ದ. ‘ಕಿವಿ ನಂಬಬ್ಯಾಡೋ ಮಾಸ್ತರ, ಕಣ್ಣ ನಂಬು. ಒಂದಾ ಅಚ್ಚಿನಾಗ ಇಟ್ಟಂಗಿ ಹೊಡದಂಗ ಹೊಡದಾರ.’ ನೀನು ಒಳಗಿನಿಂದ, ಹೆಂಡತಿಗೆ ಒಂದು ಸಾಲು ಬರೆಯದವರು ಮಾಸ್ತರಿಗೆ ಚೀಟಿಯ ಮೇಲೆ ಚೀಟಿ ಬರೆಯುತ್ತಾರೆ ಎಂದು ಚುಚ್ಚುತ್ತಿದ್ದೆ. ಚೀಟಿಯ ತುಂಬ ಶಬ್ದ. ಹೆಸರು ಹಾಕುವ ರೂಢಿ ನಮಗಿರಲಿಲ್ಲ.

ಶಿವರಾತ್ರಿಯಾದ ವಾರಕ್ಕೆ ಸ್ಟೇಷನ್ನಿನಲ್ಲಿ ತಲಾಶಿ ನಡೆಯಿತು. ಸಂಸ್ಥಾನದ ಗಡಿಯಾಚೆಗೆ ಯಾರೋ ಸುದ್ದಿ ಮುಟ್ಟಿಸುತ್ತಾರೆಂಬ ಗುಮಾನಿ. ಅವನ ಮೇಜಿನಲ್ಲಿ ನನ್ನ ಚೀಟಿ ಸಿಕ್ಕಿತು. ಹೆಸರಿಲ್ಲ, ಅಲ್ಲಲ್ಲಿ ಖಾಲಿ ಮನೆ. ಫೈಟ್ ಎಂಬಲ್ಲಿ ಪೊಲೀಸ್ ಠಾಣೆಯ ಅಮೀನಸಾಬ ಬೆರಳಿಟ್ಟು, ಇದೆಲ್ಲ ಯಾವ ಗುಪ್ತ ಭಾಷೆ ಎಂದನಂತೆ. ಇವನು ಆಟ ಎಂದ. ಯಾರ ಜೋಡಿ ಎಂದರೆ ಬಾಯಿ ಬಿಡಲಿಲ್ಲ.

ಶಾಲೆಯಲ್ಲಿ ಇಂಗ್ಲಿಷ್ ಪಾಠ ಬಿಟ್ಟುಕೊಟ್ಟಿದ್ದೇನೆ. ಹಲಗೆಯ ಮೇಲೆ ಒಂದು ಶಬ್ದ ಬರೆದರೆ ಅದರ ಬಳಗವೆಲ್ಲ ಸಾಲಾಗಿ ಬಂದು ನಿಲ್ಲುತ್ತದೆ.

ಶಿವ ನಿನ್ನನ್ನು, ಮಗಳು ಗೊಲ್ಲಾಳಮ್ಮನನ್ನು ತನ್ನ ನೆರಳಲ್ಲಿಟ್ಟುಕೊಳ್ಳಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಣ್ಣ,
ಸೂಗಪ್ಪ

ತಾ. ಕ.: ಒಂದು ಮಾತು ಮುಚ್ಚಿಟ್ಟಿದ್ದೇನೆ. ಮೂರನೆಯ ದಿನ ಚೀಟಿ ಓದಿ ಹೇಳಲು ಠಾಣೆಗೆ ನನ್ನನ್ನೇ ಕರೆಸಿದರು, ಇಂಗ್ಲಿಷ್ ಬಲ್ಲ ಮಾಸ್ತರನೆಂದು. ದೇವಿಂದ್ರ ಗೋಡೆಗೊರಗಿ ಕೂತಿದ್ದ. ತುಟಿ ಬಾತಿತ್ತು. ಅಮೀನಸಾಬನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ‘ಇವ ಆಟ ಅಂತಾನ್ರಿ. ಇಂಥಾ ಆಟ ಐತೇನು?’ ಎಂದು ಕೇಳಿದ. ಹೌದೆಂದಿದ್ದರೆ ಬಿಡುತ್ತಿದ್ದನೇನೋ. ಕೈಬರಹ ನನ್ನದೆಂದು ಗೊತ್ತಾದೀತೆಂದು ಹೆದರಿದೆ.

‘ನಾ ಕೇಳಿಲ್ರಿ’ ಎಂದೆ.

ದೇವಿಂದ್ರ ನನ್ನನ್ನು ನೋಡಿದ. ಆಮೇಲೆ ಅಮೀನಸಾಬನ ಕಡೆ ತಿರುಗಿ ಹೇಳಿದ: ‘ಖರೇ ಐತ್ರಿ. ಅವರಿಗೇನೂ ಗೊತ್ತಿಲ್ಲ, ಮನಿಗೆ ಕಳಸ್ರಿ.’