ಒಂದು ಗೇಣು ಆಚೆಗೆ

ನವೆಂಬರ್ 29, ರಾತ್ರಿ ಹತ್ತು. ಇಡೀ ದಿನ ಮೇಪಲ್ ಮರದ್ದೇ ಚಿಂತೆ.

ನನ್ನ ಯಜಮಾನರು ನೆಟ್ಟ ಮರ. ಅವರು ಹೋದ ಮೇಲೆ ಇದೇ ಮೊದಲ ಸಲ ಕೆಂಪಾಗಿ ಉದುರುತ್ತಿದೆ. ಅರ್ಧ ಎಲೆ ಪಕ್ಕದ ಮನೆಯ ಸುಗಿಯೆ ಅಜ್ಜಿಯ ಬಾಗಿಲಿಗೇ ಬೀಳುತ್ತದೆ. ದೂರು ಬರಬಾರದೆಂದು ಬೆಳಿಗ್ಗೆ ಅಜ್ಜಿಯ ಮನೆಯ ಮುಂದೆಯೂ ಪೂರ್ತಿ ಗುಡಿಸಿಬಿಟ್ಟೆ. ಕ್ಯೋಟೊದಲ್ಲೇ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಬೇಕಿತ್ತು. ನಮ್ಮ ಬೀದಿಯಲ್ಲಿ ಪಕ್ಕದವರ ಕಡೆ ಒಂದು ಗೇಣು ಗುಡಿಸಿದರೆ ಸ್ನೇಹ. ಪೂರ್ತಿ ಗುಡಿಸಿದರೆ, ನಿಮ್ಮ ಕೈಲಾಗದು ಎಂದು ಹೇಳಿದಂತೆ.

ಅಜ್ಜಿ ಕಿಟಕಿಯಿಂದ, "ಎಷ್ಟು ಚೊಕ್ಕ ಮಾಡಿದ್ದೀಯಮ್ಮ, ಕಾಲಿಡೋಕೇ ಭಯ ಆಗತ್ತೆ" ಅಂದರು. ಅದು ಹೊಗಳಿಕೆಯಲ್ಲ, ನಮ್ಮೂರಲ್ಲಿ ದೂರನ್ನೂ ಹೀಗೆ ಹೊಗಳಿಕೆಯಲ್ಲೇ ಸುತ್ತಿ ಹೇಳುತ್ತಾರೆ. ಎಲೆಯ ಕಾಟ ಸಾಕು, ಮರ ಕಡಿಸು ಎನ್ನುತ್ತಿದ್ದಾರೆಂದೇ ತಿಳಿದು, ನಾಳೆ ಗರಗಸ ತರಲು ಮಾಲಿಗೆ ಫೋನ್ ಮಾಡಿದೆ. ಆಮೇಲೆ ಊಟ ಸೇರಲಿಲ್ಲ.

ಸಂಜೆ ಅಜ್ಜಿಯೇ ಸುಟ್ಟ ಗೆಣಸು ಹಿಡಿದುಕೊಂಡು ಬಂದರು.

"ನನಗಿನ್ನೂ ಪೊರಕೆ ಹಿಡಿಯೋಕೆ ಬರತ್ತೆ ಕಣೇ. ನಿನ್ನ ಗಂಡ ಒಂದು ಗೇಣಿಗಿಂತ ಆಚೆ ಬಂದೋನಲ್ಲ. ಎಲೆಯೆಲ್ಲಾ ನೀನೇ ಬಾಚಿಕೊಂಡ್ರೆ ಬೆಳಿಗ್ಗೆ ನಾನೇನು ಮಾಡಲಿ?"

"ಮರಾನೇ ಕಡಿಸೋಣ ಅಂತಿದ್ದೆ..."

"ಹುಚ್ಚಿ! ಕಡಿಸಿದ್ರೆ ನನ್ನ ಕಿಟಕೀಲಿ ನೋಡೋಕೆ ಏನಿರತ್ತೆ, ನಿನ್ನ ಮುಖವಾ?"

ನಕ್ಕುಬಿಟ್ಟೆ. ಬೇಸಿಗೆಯಿಂದ ಈಚೆಗೆ ನಕ್ಕಿರಲಿಲ್ಲ. ಎದೆ ಹಗುರಾಯಿತು. ಗೆಣಸಿನ ಒಂದು ತುಂಡನ್ನು ಯಜಮಾನರ ಫೋಟೋದ ಮುಂದೆಯೂ ಇಟ್ಟೆ.

ಮಾಲಿಗೆ ಬರಬೇಡವೆಂದು ಹೇಳಿಯಾಗಿದೆ. ನಾಳೆ ಆರಕ್ಕೆ ಎದ್ದು ಗುಡಿಸಬೇಕು, ಒಂದು ಗೇಣು ಆಚೆಗೆ ಮಾತ್ರ.